ಸ್ಟೀರಿಂಗ್ ಲೂಸಾದರೆ ಗೇರನ್ನೇ ಬೈಯಬೇಕೆ?

ಅಮೆರಿಕದಲ್ಲಿ ಅರ್ಧ ಎಕರೆ ಹಿತ್ತಲಿನ ಮನೆ ಕೊಂಡವರು, ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ, ಮೇಲೆ ಕೂತು ಹುಲ್ಲು ಕತ್ತರಿಸುವ ಲಾನ್ ಟ್ರಾಕ್ಟರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತರುವುದುಂಟು. ಕೆಲವು ದಿನ ಓಡಿಸಿದ ಮೇಲೆ ತಕರಾರು ಶುರು: ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ.

‘ಗೇರ್ ಹೋಗಿದೆ’ ಅನ್ನುವುದು ಎಲ್ಲರ ಮೊದಲ ತೀರ್ಪು. ಹೋಗಿರಲೂಬಹುದು. ಆದರೆ ಸ್ಟೀರಿಂಗಿನಿಂದ ಮುಂದಿನ ಗಾಲಿಯವರೆಗೆ ಶಾಫ್ಟು, ಪಿನಿಯನ್ ಎಂಬ ಚಿಕ್ಕ ಗೇರ್, ಬೀಸಣಿಗೆಯಾಕಾರದ ಸೆಕ್ಟರ್ ಗೇರ್, ರಾಡುಗಳು, ಬಾಲ್ ಜಾಯಿಂಟು, ಬುಶ್ಶು ಎಂದು ಒಂದು ಸಾಲೇ ಇದೆ. ಒಂದೊಂದರಲ್ಲೂ ಚೂರು ಸಡಿಲವಿದ್ದರೆ ಸಾಕು, ಕೈಗೆ ಬರುವಷ್ಟರಲ್ಲಿ ಅದು ದೊಡ್ಡದಾಗಿರುತ್ತದೆ.

ಎಂಜಿನ್ ಆಫ್ ಮಾಡಿ, ಕೀ ತೆಗೆದು, ಪಾರ್ಕಿಂಗ್ ಬ್ರೇಕ್ ಹಾಕಿ. ಬ್ಲೇಡಿನ ಡೆಕ್ ಅಡ್ಡ ಬಂದರೆ ಕಳಚಿಡಿ. ಗಾಲಿ ನೆಲದ ಮೇಲೇ ಇರಲಿ. ಎತ್ತಿದರೆ ಭಾರವಿಲ್ಲದೆ ಎಷ್ಟೋ ಸಡಿಲ ಮುಚ್ಚಿಹೋಗುತ್ತದೆ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪಸ್ವಲ್ಪವೇ ಆಡಿಸಲಿ, ಇನ್ನೊಬ್ಬರು ಕೆಳಗೆ ನೋಡಲಿ. ಒಂದು ಭಾಗ ಅಲುಗಿ ಅದರ ಮುಂದಿನದು ಸುಮ್ಮನಿದ್ದರೆ, ಸವೆತ ಆ ಎರಡರ ನಡುವೆ. ಗಾಲಿಯನ್ನೂ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟಕಟ ಅಂದರೆ ಬುಶ್ ಸವೆದಿದೆ. ಗೇರಿನ ಮುಂದೆ ಬುಶ್ಶಿನ ಖರ್ಚು ಏನೂ ಅಲ್ಲ.

ಗೇರೇ ಸವೆದಿದ್ದರೆ ಅದರ ಗುರುತು ಬೇರೆ. ಗಾಡಿ ಹೆಚ್ಚು ಹೊತ್ತು ಓಡುವುದು ನೇರವಾಗಿ, ಹಾಗಾಗಿ ಸೆಕ್ಟರಿನ ನಡುವಿನ ಹಲ್ಲುಗಳೇ ಮೊದಲು ಸವೆಯುತ್ತವೆ. ನೇರ ಹೋಗುವಾಗ ಲೂಸು, ಪೂರ್ತಿ ತಿರುಗಿಸಿದಾಗ ಬಿಗಿ ಅನ್ನಿಸಿದರೆ ಅದರ ಮೇಲೇ ಅನುಮಾನ. ಬದಲಿಸುವುದಾದರೆ ಪಿನಿಯನ್ನನ್ನೂ ಜೊತೆಗೇ ಬದಲಿಸಿ. ಹಳೇ ಪಿನಿಯನ್ ಹೊಸ ಸೆಕ್ಟರನ್ನು ಬೇಗ ತಿನ್ನುತ್ತದೆ.

‘ನಟ್ಟು ಬಿಗಿದರೆ ಸರಿಹೋಗುತ್ತದೆ’ ಅನ್ನುವವರೂ ಇದ್ದಾರೆ. ಸವೆದ ಹಲ್ಲು ಬಿಗಿದರೆ ಬೆಳೆಯುವುದಿಲ್ಲ.

‘ಸ್ಟೀರಿಂಗ್ ಭಾರವಾಗಿದೆ, ಆಯಿಲ್ ಹಾಕಬೇಕು’ ಅನ್ನುವವರು ಕಾರಿನ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಪವರ್ ಸ್ಟೀರಿಂಗೇ ಇರುವುದಿಲ್ಲ. ಮುಂದಿನ ಟೈರಿಗೆ ಗಾಳಿ ಇದೆಯೇ ನೋಡಿ. ಅನೇಕ ಮಾಡೆಲ್‌ಗಳಿಗೆ ಬೇಕಾದದ್ದು 14 ಪಿಎಸ್‌ಐ ಆಸುಪಾಸು. ಖಚಿತ ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ. ಆಮೇಲೆ ಗ್ರೀಸ್ ನಿಪ್ಪಲ್‌ಗಳನ್ನು ಒರೆಸಿ ಗ್ರೀಸ್ ಹೊಡೆಯಿರಿ. ಒಂದೇ ಕಡೆಗೆ ಎಳೆಯುತ್ತಿದ್ದರೂ ಮೊದಲು ಎರಡು ಟೈರಿನ ಗಾಳಿ ಹೋಲಿಸಿ.

ಇನ್ನು ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಗಾಡಿ ತಿರುಗದಿದ್ದರೆ ಸ್ಟೀರಿಂಗನ್ನು ಬಿಚ್ಚಬೇಡಿ. ಹಿಂದೆ ಹುಲ್ಲು ತುಂಬುವ ಚೀಲ ಸಿಕ್ಕಿಸಿದರೆ ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆಯಾಗಿ ಅವು ಜಾರುತ್ತವೆ, ಅಷ್ಟೇ. ಚೀಲ ಖಾಲಿ ಮಾಡಿ, ಹುಲ್ಲು ಒಣಗಲಿ. 15 ಡಿಗ್ರಿಗಿಂತ ಕಡಿದಾದ ಇಳಿಜಾರನ್ನಂತೂ ಎಷ್ಟೋ ಮ್ಯಾನುಯಲ್‌ಗಳೇ ಬೇಡವೆನ್ನುತ್ತವೆ.