ರಾಮಗಢದ ಬೆಟ್ಟದಲ್ಲಿ ನಮ್ಮ ಮಾವ

2025ರ ಸೆಪ್ಟೆಂಬರ್ 6ನೇ ತಾರೀಕು, ಶನಿವಾರ, ಇನ್ನೂ ಬೆಳಕು ಹರಿಯುವ ಮುಂಚೆ ಕ್ಯಾಂಟನ್‌ನಿಂದ ಒಂದು ಕಾರಿನಲ್ಲಿ ನಾಲ್ಕು ಜನ ಟೊರೊಂಟೊಗೆ ಹೊರಟೆವು. ಶಿಕಾಗೋ ಕಡೆಯಿಂದ ನಾವಿಬ್ಬರು ಹಿಂದಿನ ರಾತ್ರಿಯೇ ಬಂದು ಡೆಟ್ರಾಯಿಟ್ ಕಡೆಯ ಗೆಳೆಯರ ಮನೆಯಲ್ಲಿ ಉಳಿದಿದ್ದೆವು. ಇನ್ನಿಬ್ಬರು ಬರಬೇಕಿತ್ತು, ಕೆನಡಾ ವೀಸಾ ಇರಲಿಲ್ಲ, ಪುಳಿಯೋಗರೆ ಡಬ್ಬಿ ಕೊಟ್ಟು ಕಳಿಸಿದರು. ಹೊರಟಿದ್ದು ಯಾವ ಮದುವೆಗೂ ಅಲ್ಲ, ಇಂಟರ್‌ವ್ಯೂಗೂ ಅಲ್ಲ. ಎಲ್ಲರೂ ಕಡಿಮೆ ಅಂದ್ರೂ ಹತ್ತು ಸಲ ನೋಡಿರುವ ಒಂದು ಸಿನಿಮಾವನ್ನ ಮತ್ತೆ ನೋಡೋಕೆ. ಮನೆಯಲ್ಲಿ ಏನು ಹೇಳಿಸಿಕೊಂಡೆವು ಅನ್ನೋದನ್ನ ಇಲ್ಲಿ ಬರೆಯೋದು ಬೇಡ.

ಸಿನಿಮಾ ‘ಶೋಲೆ’. ತೆರೆ ಕಂಡಿದ್ದು 1975ರ ಆಗಸ್ಟ್ 15ರಂದು, 2025ಕ್ಕೆ 50 ತುಂಬಿತು. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಸಿಪ್ಪಿ ಫಿಲ್ಮ್ಸ್ ಜೊತೆ ಸೇರಿ ಮೂರು ವರ್ಷ ಕೂತು ಹಳೆಯ ಪ್ರತಿಯನ್ನ ರಿಪೇರಿ ಮಾಡಿದ್ದಾರೆ. ಮೂಲ ನೆಗೆಟಿವ್ ಕೆಟ್ಟುಹೋಗಿತ್ತು. ಬ್ರಿಟನ್ನಿನ ಒಂದು ಗೋದಾಮಿನಲ್ಲಿ ಉಳಿದಿದ್ದ ರೀಲುಗಳು ಕೈಹಿಡಿದವು. ಜೂನ್ 27ಕ್ಕೆ ಇಟಲಿಯ ಬೊಲೊನ್ಯದ ಚೌಕದಲ್ಲಿ ಬಯಲಲ್ಲೇ ತೋರಿಸಿದರು. ಆಮೇಲೆ ಟೊರೊಂಟೊ ಚಿತ್ರೋತ್ಸವಕ್ಕೆ ಬರುತ್ತೆ ಅಂತ ಗೊತ್ತಾದಾಗ ನಮಗೆ ತಡೆಯೋಕಾಗಲಿಲ್ಲ.

ಅದಕ್ಕೆ ಕಾರಣ ಅಮಿತಾಭ್ ಅಲ್ಲ, ಧರ್ಮೇಂದ್ರ ಅಲ್ಲ. ನಮ್ಮ ಸೋದರಮಾವ.

ನಾವು ರಾಮನಗರದ ಕಡೆಯವರು. ನಮ್ಮ ಮನೆಯಲ್ಲಿ ಒಂದು ಮಾತು ಮೊದಲಿಂದಲೂ ಇದೆ: ಶೋಲೆಯ ಹೋಳಿ ಹಾಡಿನ ಗುಂಪಿನಲ್ಲಿ ಮಾವ ಇದ್ದಾರೆ. ಆಗ ಅವರಿಗೆ 19, ಈಗ 71. ಅವ್ವ ಬಂದವರಿಗೆಲ್ಲ ಹೇಳೋರು. ನಾವು ಶಾಲೆಯಲ್ಲಿ ಹೇಳಿಕೊಂಡು ಮೆರೆದೆವು. ಆದರೆ ಕಣ್ಣಾರೆ ಕಂಡವರು ಯಾರೂ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಗಣೇಶನ ಪೆಂಡಾಲಿಗೆ ಬಾಡಿಗೆ ಟಿವಿ, ವಿಸಿಆರ್ ತಂದು ರಾತ್ರಿಯೆಲ್ಲ ಮೂರು ಸಿನಿಮಾ ಹಾಕೋರಲ್ಲ, ನಿಮಗೂ ನೆನಪಿರಬಹುದು, ನಾವು ಮೊದಲು ಶೋಲೆ ನೋಡಿದ್ದು ಅಲ್ಲೇ. ಕ್ಯಾಸೆಟ್ ಎಷ್ಟು ಸವೆದಿತ್ತು ಅಂದ್ರೆ ಗಬ್ಬರನ ಮುಖವೇ ಅರ್ಧ ಕಾಣೋದು, ಇನ್ನು ಗುಂಪಿನಲ್ಲಿ ಮಾವನನ್ನ ಹುಡುಕೋದೆಲ್ಲಿ? ಆದರೂ ಬೆಟ್ಟ ಬಂದಾಗಲೆಲ್ಲ ಪೆಂಡಾಲ್ ಎದ್ದು ಕೂಗೋದು: “ನಮ್ ಬೆಟ್ಟ ಕಣ್ಲಾ, ನಮ್ ಬೆಟ್ಟ!” ಹಿಂದಿ ಮಾತು ಅರ್ಧಕ್ಕರ್ಧ ತಿಳಿಯದ ಅಜ್ಜಿಯರೂ ಕೂಗೋರು.

ಹೊಸ ಪ್ರತಿ ಕನ್ನಡಿ ಹಂಗಿದೆ ಅಂತ ಓದಿದ ಮೇಲೆ ಲೆಕ್ಕ ಸರಳವಾಯಿತು. ಮಾವ ಅಲ್ಲಿದ್ದರೆ ಈ ಸಲ ಕಾಣಲೇಬೇಕು.

ಕಾರಿನಲ್ಲಿದ್ದ ನಾಲ್ಕನೆಯವನು ಗೆಳೆಯರ ಮಗ, ಕಾಲೇಜು ಹುಡುಗ, ಇಲ್ಲೇ ಹುಟ್ಟಿದವನು. ವಿಂಡ್ಸರ್ ದಾಟಿ 401 ಹಿಡಿದ ಮೇಲೆ ಕೇಳಿದ: “ಅಂಕಲ್, ಇದನ್ನ ವೆಸ್ಟರ್ನ್ ಅಂತ ಯಾಕೆ ಕರೀತಾರೆ? ವೆಸ್ಟರ್ನ್ ಅಂದ್ರೆ ಅಮೆರಿಕದ್ದಲ್ವಾ?” ಒಳ್ಳೆ ಪ್ರಶ್ನೆ. ಕುದುರೆ, ಬಂದೂಕು, ಬಟಾಬಯಲು, ಬಂಡೆ, ರೈಲು ದರೋಡೆ, ಹೆದರಿ ಕೂತ ಒಂದು ಹಳ್ಳಿ, ಅದನ್ನ ಕಾಯೋಕೆ ಹೊರಗಿಂದ ಬಂದ ಗಂಡಸರು. ಇಷ್ಟಿದ್ದರೆ ವೆಸ್ಟರ್ನ್. ಜಪಾನಿನ ಕುರೊಸಾವ 1954ರಲ್ಲಿ ‘ಸೆವೆನ್ ಸಮುರಾಯ್’ ಮಾಡಿದರು. 1960ರಲ್ಲಿ ಹಾಲಿವುಡ್ ಅದನ್ನೇ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಅಂತ ಮೆಕ್ಸಿಕೋದ ಹಳ್ಳಿಗೆ ತಂದಿತು. ಸಲೀಂ-ಜಾವೇದ್ ಏಳು ಜನರನ್ನ ಇಬ್ಬರಿಗೆ ಇಳಿಸಿ ನಮ್ಮ ಬೆಟ್ಟದ ಬುಡಕ್ಕೆ ತಂದರು. ಇಟಲಿಯ ಸೆರ್ಜಿಯೊ ಲಿಯೋನೆಯ ನೆರಳೂ ಧಾರಾಳವಾಗಿದೆ.

ಈ ವೆಸ್ಟರ್ನ್‌ಗೂ ನಮ್ಮ ಶಿಕಾಗೋಗೂ ಒಂದು ನಂಟಿದೆ, ಅಲ್ಲಿ ಹತ್ತು ಹದಿನೈದು ವರ್ಷ ಇದ್ದವರಿಗೂ ಗೊತ್ತಿರೋದು ಕಡಿಮೆ. ದಿನಸಿಗೆ ಡೆವೊನ್‌ಗೆ ಹೋಗ್ತೀವಲ್ಲ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಆರ್ಗೈಲ್ ಸ್ಟ್ರೀಟ್. ಅಲ್ಲೊಂದು ಹಳೇ ಕಟ್ಟಡದ ಬಾಗಿಲ ಮೇಲೆ ಅಮೆರಿಕದ ಮೂಲನಿವಾಸಿಯ ತಲೆಯ ಉಬ್ಬುಚಿತ್ರ ಇದೆ. ಅದು ಎಸ್ಸನೇ ಸ್ಟುಡಿಯೋ. ಸ್ಪೂರ್ ಅವರ ಎಸ್, ಆಂಡರ್ಸನ್ ಅವರ ಎ, ಎರಡೂ ಸೇರಿ ಎಸ್ಸನೇ. ಶುರುವಾಗಿದ್ದು 1907ರಲ್ಲಿ. ಚಾಪ್ಲಿನ್ ಕೂಡ 1915ರಲ್ಲಿ ಅಲ್ಲಿ ಒಂದು ಚಿತ್ರ ಮಾಡಿದರು. ಆ ಆಂಡರ್ಸನ್ನೇ ‘ಬ್ರಾಂಕೊ ಬಿಲ್ಲಿ’, ಸಿನಿಮಾದ ಮೊದಲ ಕೌಬಾಯ್ ಸ್ಟಾರ್. 1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ಗೆ ಸೇರಿದಾಗ ಆತನಿಗೆ ಕುದುರೆ ಸವಾರಿಯೇ ಬರ್ತಿರಲಿಲ್ಲವಂತೆ. ಶಿಕಾಗೋದಲ್ಲಿ ದುಡ್ಡಿತ್ತು, ಸ್ಟುಡಿಯೋ ಇತ್ತು, ಬೆಟ್ಟ ಇರಲಿಲ್ಲ. ಇಲ್ಲಿನ ನೆಲ ತಟ್ಟೆ ಹಂಗೆ, ಕೌಬಾಯ್ ಎಲ್ಲಿ ಬಚ್ಚಿಟ್ಟುಕೊಳ್ಳಬೇಕು? ಕೊನೆಗೆ ಆತ ಬೆಟ್ಟ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ನೈಲ್ಸ್ ಅನ್ನೋ ಊರಿಗೆ ಹೋದ.

ರಮೇಶ್ ಸಿಪ್ಪಿಯವರಿಗೂ ಬೇಕಾಗಿದ್ದು ಅದೇ. ಡಕಾಯಿತರ ಸಿನಿಮಾ ಅಂದ್ರೆ ಚಂಬಲ್ ಕಣಿವೆ ಅನ್ನೋ ರೂಢಿ ಅವರಿಗೆ ಬೇಡವಾಗಿತ್ತು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಜಾಗ ಹುಡುಕುತ್ತಾ ಬೆಂಗಳೂರಿನಿಂದ 50 ಕಿಲೋಮೀಟರ್ ದೂರದ ರಾಮದೇವರ ಬೆಟ್ಟಕ್ಕೆ ಬಂದರು. ಆ ಬಂಡೆಗಳನ್ನ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಸುಮಾರು 250 ಕೋಟಿ ವರ್ಷದ ಕಲ್ಲು. ಕ್ಲೋಸ್‌ಪೇಟೆ ಅನ್ನೋದು ಬ್ರಿಟಿಷರು ನಮ್ಮೂರಿಗೆ ಇಟ್ಟಿದ್ದ ಹೆಸರು, ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್. 2025ರಲ್ಲಿ ಜಿಲ್ಲೆಯ ಹೆಸರು ‘ಬೆಂಗಳೂರು ದಕ್ಷಿಣ’ ಆಯ್ತು. ಹೆಸರು ಬದಲಾಗೋದು ನಮ್ಮೂರಿಗೆ ಹೊಸದಲ್ಲ ಬಿಡಿ. ಸಿನಿಮಾದವರು ರಾಮಗಢ ಅಂದರು, ಜಗತ್ತಿಗೆ ಗೊತ್ತಿರೋದು ಅದೊಂದೇ.

ಕ್ಯಾಮೆರಾ ಮೊದಲು ತಿರುಗಿದ್ದು 1973ರ ಅಕ್ಟೋಬರ್ 3ರಂದು. 2ನೇ ತಾರೀಕೇ ಶುರುವಾಗಬೇಕಿತ್ತು, ಮಳೆ ಬಿಡಲಿಲ್ಲ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿ ಎದ್ದಿತ್ತು: ಠಾಕೂರನ ಮನೆ, ದೇವಸ್ಥಾನ, ಮಸೀದಿ, ನೀರಿನ ಟ್ಯಾಂಕ್. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿದರು. ಅದರ ನೆನಪಿಗೆ ಊರಿನ ಒಂದು ಭಾಗಕ್ಕೆ ಸಿಪ್ಪಿ ನಗರ ಅನ್ನೋ ಹೆಸರು ನಿಂತಿತು. ನಮ್ಮೂರು ರೇಷ್ಮೆಯ ಊರು, ಗೂಡಿನ ಮಾರುಕಟ್ಟೆಯ ಊರು. ನೂಲು ಬಿಚ್ಚುವ ಮನೆಗಳಲ್ಲಿ ಕುದಿಯುವ ನೀರಿನಲ್ಲಿ ಬೆರಳು ಬೇಯಿಸಿಕೊಳ್ಳುತ್ತಿದ್ದ ಹುಡುಗರಿಗೆ ಸಿನಿಮಾದ ದಿನಗೂಲಿ ಅಂದ್ರೆ ಜಾತ್ರೆ. ಮಾವನೂ ಹಂಗೇ ಹೋದವರು. ರೇಷ್ಮೆ ಬೀದಿಯಲ್ಲಿ ಉರ್ದು ಕೇಳಿ ಬೆಳೆದಿದ್ದರಿಂದ ಬೊಂಬಾಯಿಯವರ ಮಾತೂ ಕಷ್ಟ ಆಗಲಿಲ್ಲ.

ನಾವು ಲೆಕ್ಕ ಬರೆದು ಬದುಕುವವರು, ಹಾಗಾಗಿ ಈ ಸಿನಿಮಾದ ಲೆಕ್ಕ ನಮಗೆ ಬಲು ಇಷ್ಟ. ಖರ್ಚು ಸುಮಾರು 3 ಕೋಟಿ ರೂಪಾಯಿ, ಆ ಕಾಲಕ್ಕೆ ಎದೆ ನಡುಗಿಸುವ ಮೊತ್ತ. ಪನ್ವೇಲ್ ಹತ್ತಿರ ರೈಲು ದರೋಡೆಯ ದೃಶ್ಯಕ್ಕೇ 7 ವಾರ, ಅದಕ್ಕೆ ಇಂಗ್ಲೆಂಡಿನಿಂದ ಸ್ಟಂಟ್ ತಜ್ಞರು. 70 ಎಂಎಂ ಕ್ಯಾಮೆರಾ ದುಬಾರಿ ಅಂತ 35ರಲ್ಲೇ ತೆಗೆದು ಆಮೇಲೆ ದೊಡ್ಡದು ಮಾಡಿಸಿದರು. ಜಯಾ ಭಾದುರಿ ಸಂಜೆ ದೀಪ ಆರಿಸುತ್ತಾರೆ, ಕೆಳಗೆ ಅಮಿತಾಭ್ ಮೌತ್ ಆರ್ಗನ್ ನುಡಿಸುತ್ತಾರಲ್ಲ, ಆ ಪುಟ್ಟ ದೃಶ್ಯಕ್ಕೆ 20 ದಿನ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಸೂರ್ಯ ಮುಳುಗಿ ಕತ್ತಲಾಗುವ ನಡುವಿನ ಬೆಳಕೇ ಬೇಕಿತ್ತು, ಅದು ದಿನಕ್ಕೆ ಕೆಲವೇ ನಿಮಿಷ ಇರುತ್ತೆ. ಯಾವ ಆಡಿಟರ್ ಆದರೂ ಈ ಖರ್ಚಿನ ಮುಂದೆ ಕೆಂಪು ಗೆರೆ ಎಳೀತಾನೆ. ಮಾವನ ವರದಿ ಬೇರೆ: “ಬೆಳಗಿಂದ ಬರೀ ಕಾಯೋದು ಕಣಪ್ಪ. ಹೊತ್ತು ಮುಳುಗೋವಾಗ ಒಂದ್ಗಳಿಗೆ ಓಡಾಟ, ಆಮೇಲೆ ಪ್ಯಾಕಪ್ಪು. ಕೂಲಿ ಮಾತ್ರ ಪೂರ್ತಿ.”

ಗಬ್ಬರನ ಪಾತ್ರ ಮೊದಲು ಡ್ಯಾನಿ ಡೆನ್‌ಜೊಂಗ್ಪಾ ಅವರಿಗೆ ಹೋಗಿತ್ತು. ಅವರು ‘ಧರ್ಮಾತ್ಮ’ದ ಶೂಟಿಂಗ್‌ಗೆ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿ ಬಂದು ಅದು ಅಮ್ಜದ್ ಖಾನ್ ಕೈಗೆ ಬಂತು. ಬಿಡುಗಡೆಯಾದ ಮೊದಲೆರಡು ವಾರ ಪತ್ರಿಕೆಗಳು, ವ್ಯಾಪಾರದವರು ಎಲ್ಲ ಮುಳುಗಿತು ಅಂದರು. ಆಮೇಲೆ ಮುಂಬೈನ ಮಿನರ್ವಾದಲ್ಲಿ ಐದು ವರ್ಷಕ್ಕೂ ಮೀರಿ ಓಡಿತು. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಸಿಕ್ಕಿದ್ದು ಒಂದೇ ಪ್ರಶಸ್ತಿ, ಸಂಕಲನಕ್ಕೆ, ಎಂ.ಎಸ್. ಶಿಂದೆ ಅವರಿಗೆ. ತೆರೆಯ ಹಿಂದೆ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಇದೊಂದು ಸಮಾಧಾನ.

ಥಿಯೇಟರಿನ ಮಾತಿಗೆ ಬರೋಣ. ರಾಯ್ ಥಾಮ್ಸನ್ ಹಾಲ್ ಅಂದ್ರೆ ಸಂಗೀತ ಕಛೇರಿಯ ದೊಡ್ಡ ಸಭಾಂಗಣ. ಒಳಗೆ ಕೂತಿದ್ದವರಲ್ಲಿ ಎಲ್ಲ ರಾಜ್ಯದವರೂ ಇದ್ದರು, ಎಲ್ಲ ವಯಸ್ಸಿನವರೂ ಇದ್ದರು. ಡೈಲಾಗ್ ತೆರೆಯ ಮೇಲೆ ಬರುವ ಮುಂಚೆ ಸಭೆಯೇ ಹೇಳಿ ಮುಗಿಸೋದು. ನಮ್ಮ ಮದುವೆ ಮನೆಗಳ ಲೌಡ್‌ಸ್ಪೀಕರಿನಲ್ಲಿ ಹಾಡಿನ ಬದಲು ಶೋಲೆಯ ಡೈಲಾಗ್ ಕ್ಯಾಸೆಟ್ ಹಾಕ್ತಿದ್ದ ಕಾಲ ನೆನಪಾಯಿತು. ಮೊದಲ ಸಲ ಬೆಟ್ಟ ಪೂರ್ತಿ ಅಗಲಕ್ಕೆ ಬಂದಾಗ ನಾವು ಯಾರೂ ಕೂಗಲಿಲ್ಲ. ಬಂಡೆಯ ಮೇಲೆ ಮಳೆ ನೀರು ಇಳಿದು ಬಿದ್ದ ಕಪ್ಪು ಗೆರೆಗಳು, ಸಂದಿಯಲ್ಲಿ ಬೆಳೆದ ಒಣ ಹುಲ್ಲು, ಎಲ್ಲ ಎಣಿಸಬಹುದಿತ್ತು. ಊರು ಬಿಟ್ಟು ಇಷ್ಟು ವರ್ಷ ಆದ ಮೇಲೆ ಊರನ್ನ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಆ ಬೆಟ್ಟ ಈಗ ರಣಹದ್ದುಗಳ ಅಭಯಾರಣ್ಯ, 2012ರಲ್ಲಿ ಘೋಷಣೆಯಾಯಿತು, ದೇಶದಲ್ಲಿ ಅಂಥದ್ದು ಅದೇ ಮೊದಲು. ಸಿನಿಮಾದ ಹಳ್ಳಿಯದು ಒಂದು ಇಟ್ಟಿಗೆಯೂ ಉಳಿದಿಲ್ಲ.

ಹೋಳಿ ಹಾಡು ಬಂತು. ನಾಲ್ಕು ಜನ, ಎಂಟು ಕಣ್ಣು. ಎಡಗಡೆ ಹುಡುಗ, ಬಲಗಡೆ ನಾವು, ಮಧ್ಯ ಗೆಳೆಯರು ಅಂತ ತೆರೆಯನ್ನ ಪಾಲು ಮಾಡಿಕೊಂಡಿದ್ದೆವು. ಬಣ್ಣ ಎರಚುತ್ತಾರೆ, ಕ್ಯಾಮೆರಾ ಓಡುತ್ತೆ, ಮುಖಗಳು ಬಂದವು, ಹೋದವು. “ಅಗೋ ಅಲ್ಲಿ” ಅಂದ ಹುಡುಗ. ಆ ಮುಖಕ್ಕೆ ಮೂವತ್ತು ದಾಟಿತ್ತು. ಇನ್ನೊಂದು ಕಡೆ ಕಿವಿ ನಮ್ಮ ಮನೆತನದ್ದೇ ಅನಿಸಿತು, ತಿರುಗಿದರೆ ಬೇರೆ ಯಾರೋ. ಅಷ್ಟರಲ್ಲಿ ಗಬ್ಬರನ ಕಡೆಯವರು ಕುದುರೆ ಮೇಲೆ ನುಗ್ಗಿಬಿಟ್ಟರು. ಮಾವ ಸಿಗಲಿಲ್ಲ.

ಈ ಪ್ರತಿಯಲ್ಲಿ ಮೂಲ ಕೊನೆಯನ್ನ ವಾಪಸ್ ಸೇರಿಸಿದ್ದಾರೆ. ನಾವೆಲ್ಲ ಇಷ್ಟು ವರ್ಷ ನೋಡಿದ್ದು ಪೊಲೀಸರು ಬಂದು ಗಬ್ಬರನನ್ನ ಹಿಡಿದುಕೊಂಡು ಹೋಗುವ ಕೊನೆ. ಅದು ತುರ್ತು ಪರಿಸ್ಥಿತಿಯ ಕಾಲ, ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನು ಕೈಗೆ ತಗೊಳ್ಳೋದು ಸೆನ್ಸಾರ್‌ಗೆ ಒಪ್ಪಿಗೆ ಆಗಲಿಲ್ಲ, ಮತ್ತೆ ಶೂಟಿಂಗ್ ಮಾಡಿ ಬದಲಾಯಿಸಿದರು. ಮೊದಲು ತೆಗೆದಿದ್ದರಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದಲೇ ಗಬ್ಬರನನ್ನ ಮುಗಿಸುತ್ತಾನೆ. ಆಮೇಲೆ ಅಳುತ್ತಾನೆ. ಸಂಜೀವ್ ಕುಮಾರ್ ಅಳೋದನ್ನ ನೋಡಿದ ಮೇಲೆ ಹಳೇ ಕೊನೆ ಸಪ್ಪೆ ಅನಿಸಿತು. ಚಪ್ಪಾಳೆ ಹೊಡೆಯಲು ಎತ್ತಿದ್ದ ಕೈ ಹಂಗೇ ನಿಂತಿತು.

ವಾಪಸ್ ಬರುವಾಗ 401ರಲ್ಲಿ ಕಾಫಿಗೆ ನಿಲ್ಲಿಸಿ ಮಾವನಿಗೆ ಫೋನ್ ಹಚ್ಚಿದೆವು. ಅಲ್ಲಿ ಭಾನುವಾರ ಬೆಳಿಗ್ಗೆ. ಹಲ್ಲುಜ್ಜುತ್ತಾ ಇದ್ದರು. ಹೋಳಿ ಹಾಡಿನಲ್ಲಿ ಎಲ್ಲಿ ನಿಂತಿದ್ರಿ ಮಾವ, ಎಡಗಡೆನಾ, ಬಲಗಡೆನಾ ಅಂತ ಕೇಳಿದೆವು.

“ಹೋಳಿನಾ? ಅವತ್ತು ನಾನಿರ್ಲಿಲ್ಲ ಕಣ್ಲಾ. ಗೂಡು ಬಂದಿತ್ತು, ಮನೇಲಿ ಬಿಡ್ನಿಲ್ಲ. ನಿಮ್ಮವ್ವ ಕೇಳ್ತಾನೇ ಇದ್ಲು, ಹೂಂ ಅಂದ್ಬುಟ್ಟೆ.”

ಸ್ಪೀಕರಿನಲ್ಲಿ ಹಾಕಿದ್ದೆವು. ಹುಡುಗ ತಲೆ ಮೇಲೆ ಕೈ ಹೊತ್ತ. ಮತ್ತೆ ಏನು ಕೆಲಸ ಮಾಡಿದ್ರಿ ಅಂತ ಕೇಳಿದಾಗ ಮಾವ ಬಾಯಿ ಮುಕ್ಕಳಿಸಿ ಬಂದರು.

“ಕುದ್ರೆ ಓಡ್ತವಲ್ಲ, ಆ ದಾರೀಲಿ ಕಲ್ಲು ಆರಿಸ್ತಿದ್ವಿ. ಹನ್ನೊಂದು ಜನ. ಕುದ್ರೆ ಕಾಲು ಮುರೀಬಾರ್ದು ನೋಡು. ಬೆಳಗಾಗೆದ್ದು ಅದೇ ಕೆಲ್ಸ. ಈಗ ನೋಡ್ಕೊಂಡು ಬಂದಿದೀಯಲ್ಲ, ಒಂದಾದ್ರೂ ಕುದ್ರೆ ಎಡವ್ತಾ?”

ಇಲ್ಲ ಮಾವ ಅಂದೆವು.

“ಮತ್ತೆ!”

ಆ ಹನ್ನೊಂದು ಜನರಲ್ಲಿ ಈಗ ಇರೋದು ನಾಲ್ಕು ಜನ ಅಂತೆ. ಸಿನಿಮಾದ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಊರಿನಲ್ಲೂ ಯಾರೂ ಬರೆದಿಟ್ಟಿಲ್ಲ. ಹಾಗಾಗಿ ನಮಗೆ ಗೊತ್ತಿರುವ ಕೆಲಸವನ್ನೇ ಶುರು ಮಾಡಿದ್ದೇವೆ. ಒಂದು ಶೀಟು ತೆರೆದು ಹೆಸರು, ಬೀದಿ, ಮಾಡಿದ ಕೆಲಸ, ಕೂಲಿ ಅಂತ ನಾಲ್ಕು ಕಾಲಂ ಹಾಕಿದ್ದೇವೆ. ಮಾವ ಪ್ರತಿ ಭಾನುವಾರ ಹೇಳ್ತಾರೆ, ಹುಡುಗ ಕ್ಯಾಂಟನ್‌ನಿಂದ ಸೇರಿಕೊಂಡು ರೆಕಾರ್ಡ್ ಮಾಡ್ತಾನೆ. ಓದುವವರಲ್ಲಿ ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯವರಿದ್ದರೆ ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ. ಶೋಲೆಯದೇ ಆಗಬೇಕಿಲ್ಲ. ಡೇವಿಡ್ ಲೀನ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಸಾವನದುರ್ಗಕ್ಕೆ ಬಂದಿದ್ದಾಗಲೂ ನಮ್ಮವರು ಕೆಲಸ ಮಾಡಿರಬಹುದು. ಗೊತ್ತಾದರೆ ಬುಲೆಟಿನ್‌ಗೆ ಬರೆದು ಕಳಿಸಿ.

ಇದುವರೆಗೆ ಒಂಬತ್ತು ಹೆಸರು ಸಿಕ್ಕಿವೆ. ಕೂಲಿಯ ಕಾಲಂ ಮಾತ್ರ ಖಾಲಿ. ಎಷ್ಟು ಸಲ ಕೇಳಿದರೂ ಮಾವ ಹೇಳೋದು ಒಂದೇ, “ನೂಲು ಬಿಚ್ಚೋದಕ್ಕಿಂತ ಜಾಸ್ತಿ.” ಮುಂದಿನ ಭಾನುವಾರ ನೆನಪು ಮಾಡ್ಕೊಂಡು ಹೇಳ್ತೀನಿ ಅಂದಿದ್ದಾರೆ.