ಗಣಿಯೂರಿನ ಭಾನುವಾರದ ಪ್ರಕಟಣೆ

ಕೋಲಾರ ಚಿನ್ನದ ಗಣಿಗಳ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತವೆ. ಭೂಮಿಯ ಒಳಗೆ ಇನ್ನೆಷ್ಟು ಚಿನ್ನ ಉಳಿದಿದೆ ಎಂಬುದು ಒಂದು. ಗಣಿಯನ್ನು ಮತ್ತೆ ತೆರೆಯುತ್ತಾರೆಯೇ ಎಂಬುದು ಇನ್ನೊಂದು. ಸಿನಿಮಾ ಬಂದ ಮೇಲಂತೂ ಆ ಊರು ಹೊಡೆದಾಟದ ಕಥೆಯ ರಂಗಸ್ಥಳವಾಗಿಯೇ ಹೊರಗಿನವರಿಗೆ ಪರಿಚಿತ. ಭೂಮಿಯ ಮೇಲೆ ಉಳಿದ ಜನ, ಅನ್ನ ಕೊಡುತ್ತಿದ್ದ ಉದ್ಯಮ ನಿಂತುಹೋದ ಮೇಲೂ, ಒಂದು ಊರಾಗಿ ಹೇಗೆ ಉಳಿದುಕೊಂಡರು ಎಂದು ಕೇಳುವವರು ವಿರಳ.

ಈ ಪ್ರಶ್ನೆಗೆ ಉತ್ತರದ ಒಂದಂಶವಾದರೂ ಬೇಕಿದ್ದವರು ಅಲ್ಲಿನ ಯಾವುದಾದರೊಂದು ಚರ್ಚಿಗೆ ಭಾನುವಾರ ಹೋಗಿ ಬಲಿಪೂಜೆಯ ಕೊನೆಯ ಹತ್ತು ನಿಮಿಷ ಕುಳಿತುಕೊಳ್ಳಬೇಕು. ಚಾಂಪಿಯನ್ ರೀಫ್ಸ್‌ನ ವಿಜಯ ಮಾತೆಯ ದೇವಾಲಯವಾಗಲಿ, ಇಂಗ್ಲಿಷರ ಕಾಲದ ನೆನಪನ್ನು ಹೊತ್ತು ನಿಂತಿರುವ ಊರಿಗಾಂನ ಸಂತ ಮೈಕೇಲರ ಚರ್ಚಾಗಲಿ, ಪ್ರಾರ್ಥನೆಯ ವಿಧಿ ಬೇರೆಯಾದರೂ ಪ್ರಕಟಣೆ ಓದುವ ಪದ್ಧತಿ ಎಲ್ಲೆಡೆ ಇದೆ. ನಾನು ಆ ಮತದವನಲ್ಲ. ನಮ್ಮೂರು ಬೂದಿಕೋಟೆ; ಹೈದರಾಲಿ ಹುಟ್ಟಿದ ಊರೆಂದು ಶಾಲಾಪುಸ್ತಕದಲ್ಲಿ ಒಂದು ಸಾಲಿಗೆ ಬರುತ್ತದೆ, ಅಷ್ಟೆ. ಗಣಿಯಲ್ಲಿ ಕೆಲಸ ಮಾಡಿದವರ ಮನೆಗಳೊಂದಿಗೆ ನಮ್ಮ ಮನೆಯವರಿಗೆ ಹಳೆಯ ಸ್ನೇಹವಿದ್ದುದರಿಂದ ಮದುವೆಗೆ, ಮಣ್ಣಿಗೆ ಆ ಚರ್ಚುಗಳಿಗೆ ಹೋಗುವುದು ಚಿಕ್ಕಂದಿನಿಂದ ರೂಢಿಯಾಗಿತ್ತು. ಉಪದೇಶಕ್ಕಿಂತ ಪ್ರಕಟಣೆಗಳೇ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸುತ್ತಿದ್ದವೆಂದರೆ ಧರ್ಮಗುರುಗಳು ಕ್ಷಮಿಸಬೇಕು.

ಅವುಗಳಲ್ಲಿ ಏನಿರುತ್ತದೆ? ಈ ವಾರ ಯಾವ ಬೀದಿಯವರ ಮನೆಯಲ್ಲಿ ಪ್ರಾರ್ಥನೆ. ಯಾರ ಹೆಸರಿನಲ್ಲಿ ಪೂಜೆ. ಮಕ್ಕಳ ಧರ್ಮೋಪದೇಶದ ತರಗತಿ ಎಷ್ಟು ಹೊತ್ತಿಗೆ. ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ತೀರಿಕೊಂಡರು. ಹಬ್ಬದ ಚಂದಾ ಎಷ್ಟು ಕೂಡಿತು, ಇನ್ನೆಷ್ಟು ಬೇಕು. ಎಲ್ಲಕ್ಕಿಂತ ಗಮನವಿಟ್ಟು ಜನ ಕೇಳುವುದು ಮದುವೆಯ ಪ್ರಕಟಣೆಯನ್ನು. ತಮಿಳಿನಲ್ಲಿ ಅದಕ್ಕೆ 'ಓಲೈ' ಎನ್ನುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿಯೇನಾದರೂ ತಿಳಿದವರು ತಿಳಿಸತಕ್ಕದ್ದು ಎಂದು ಸಂಪ್ರದಾಯದಂತೆ ಮೂರು ಭಾನುವಾರ ಓದುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಮಾಹಿತಿಯ ಕೊರತೆಯಿಂದ ಮಾರುಕಟ್ಟೆ ಹೇಗೆ ಸೋಲುತ್ತದೆ ಎಂದು ಓದಿದ್ದೆವು. ಒಬ್ಬನ ಪೂರ್ವಾಪರ ಬಲ್ಲವರೆಲ್ಲ ಕುಳಿತಿರುವ ಸಭೆಯಲ್ಲಿ ಅವನ ಹೆಸರನ್ನು ಮೂರು ಸಲ ಕೂಗಿ ಹೇಳುವ ಉಪಾಯಕ್ಕಿಂತ ಅಗ್ಗದ ಪರಿಹಾರವನ್ನು ಯಾವ ಪಠ್ಯವೂ ಸೂಚಿಸಿದ್ದನ್ನು ನಾನು ಕಾಣೆ.

ಈ ಮಾತು ಬಂದಾಗ ನಮ್ಮೂರಿನ ಒಂದು ಪ್ರಯೋಗ ನೆನಪಾಗುತ್ತದೆ. 2003ರಲ್ಲಿ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಆರಂಭವಾಯಿತು. ಯುನೆಸ್ಕೊ ನೆರವಿನಿಂದ 'ವಾಯ್ಸಸ್' ಮತ್ತು 'ಮೈರಾಡ' ಸಂಸ್ಥೆಗಳು ರೂಪಿಸಿದ ಯೋಜನೆ ಅದು. ಆಗಿನ ನಿಯಮದಂತೆ ಹಳ್ಳಿಯ ಜನ ಗಾಳಿಯಲ್ಲಿ ಪ್ರಸಾರ ಮಾಡುವಂತಿರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ ಬಂದದ್ದು 2006ರಲ್ಲಿ. ಆದ್ದರಿಂದ ಟಿ.ವಿ. ಕೇಬಲ್ ತಂತಿಯಲ್ಲಿಯೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಾವೇ ಕಾರ್ಯಕ್ರಮ ಸಿದ್ಧಪಡಿಸಿ ತಮ್ಮೂರಿನ ಸಂಗತಿಗಳನ್ನು ತಾವೇ ಹೇಳಿದರು. ದೇಶವಿದೇಶಗಳಿಂದ ಅಧ್ಯಯನಕ್ಕೆ ಬಂದವರು ಇದನ್ನು ಹೊಸ ಆವಿಷ್ಕಾರವೆಂದು ಕೊಂಡಾಡಿದರು. ಕೊಂಡಾಡಲು ಯೋಗ್ಯವೇ ಆಗಿತ್ತು. ಪಕ್ಕದ ಗಣಿಯೂರಿನ ಚರ್ಚುಗಳಲ್ಲಿ ಅದೇ ಕೆಲಸ ತಂತಿಯೂ ಇಲ್ಲದೆ, ಅನುದಾನವೂ ಇಲ್ಲದೆ ತಲೆಮಾರುಗಳಿಂದ ನಡೆಯುತ್ತ ಬಂದಿತ್ತು.

ಗಣಿಯ ಕಾಲದಲ್ಲಿ ಈ ಪ್ರಕಟಣೆಗಳಿಗೆ ಇಷ್ಟು ಮಹತ್ವ ಇದ್ದಿರಲಾರದು. ಕಂಪನಿಯೇ ಎಲ್ಲವೂ ಆಗಿತ್ತು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಕಾಲಿಟ್ಟ ಮೇಲೆ ಕಾರ್ನ್‌ವಾಲ್‌ನ ಗಣಿಗಾರರು, ಆಂಗ್ಲೊ ಇಂಡಿಯನ್ ಮೇಲ್ವಿಚಾರಕರು, ಉತ್ತರ ಆರ್ಕಾಟ್ ಮೊದಲಾದ ಕಡೆಗಳಿಂದ ಬಂದ ತಮಿಳು ದಲಿತ ಕಾರ್ಮಿಕರು, ತೆಲುಗರು, ಸುತ್ತಲಿನ ಹಳ್ಳಿಗಳ ನಮ್ಮವರು ಒಂದೆಡೆ ಸೇರಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಹರಿಯಿತು. ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವನ್ನೂ ಗಣಿಯೇ ಕೊಟ್ಟಿತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಸಿ, ಬಂಡೆ ಸಿಡಿತವನ್ನೂ ಸಿಲಿಕೋಸಿಸ್ ರೋಗವನ್ನೂ ಅದೇ ಕೊಟ್ಟಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದು ಯಜಮಾನರ ಹೆಸರು ಬದಲಾದರೂ ವ್ಯವಸ್ಥೆ ಬದಲಾಗಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ನಿಂತಿತು. ಕಡೆಯವರೆಗೆ ಉಳಿದಿದ್ದ ಮೂರು ಸಾವಿರಕ್ಕೂ ಮಿಕ್ಕ ನೌಕರರ ಸಂಬಳದ ಜೊತೆಗೆ, ಊರಿನ ಲೆಕ್ಕಪತ್ರ ಇಟ್ಟುಕೊಳ್ಳುವವರೂ ಇಲ್ಲವಾದರು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಕಾಯಿಲೆ, ಯಾರ ಗಂಡ ಸತ್ತ ಎಂಬುದನ್ನು ಅಲ್ಲಿಯವರೆಗೆ ಗಣಿಯ ಟೈಮ್ ಆಫೀಸು ಮತ್ತು ಆಸ್ಪತ್ರೆ ಬಲ್ಲವಾಗಿದ್ದವು.

ಆ ಬಳಿಕ ಊರು ರೈಲು ಹತ್ತಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಗಾಡಿಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಸೂರ್ಯ ಹುಟ್ಟುವ ಮುನ್ನ ಹೊರಟು, ಮಕ್ಕಳು ಮಲಗಿದ ಮೇಲೆ ಮನೆ ಸೇರುವ ಬಾಳು. ಇಂಥ ಊರಿನಲ್ಲಿ ವಾರದ ದಿನಗಳಲ್ಲಿ ಸಭೆ ಸೇರಿಸುವುದು ಸುಲಭವಲ್ಲ. ಗಾಯನ ವೃಂದದ ಅಭ್ಯಾಸವಾಗಲಿ, ಯುವಕರ ಕೂಟವಾಗಲಿ ಭಾನುವಾರಕ್ಕೇ ಜಮೆಯಾಗುತ್ತದೆ. ಮಿಕ್ಕ ಆರು ದಿನ ಊರಿನಲ್ಲಿರುವವರು ಮುದುಕರು, ಶಾಲೆಯ ಮಕ್ಕಳು, ಮನೆವಾರ್ತೆಯ ಹೆಂಗಸರು. ಸೈನೈಡ್ ದಿಬ್ಬಗಳ ದೂಳು ಗಾಳಿಗೆ ಏಳುವ ಬೇಸಿಗೆಯಲ್ಲಿ ಹಳೆಯ ಗಣಿಗಾರನ ಕೆಮ್ಮು ಹೆಚ್ಚಾದರೆ ಯಾರಿಗೆ ತಿಳಿಯಬೇಕು?

ಅಲ್ಲಿಯೇ ವಿನ್ಸೆಂಟ್ ದೆ ಪಾಲ್ ಸಭೆಯಂಥವು ಕೆಲಸಕ್ಕೆ ಬರುವುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ವಿದ್ಯಾರ್ಥಿ ಗೆಳೆಯರೊಂದಿಗೆ ಆರಂಭಿಸಿದ ಈ ಸಭೆಯ ನಿಯಮ ಬಹು ಸರಳ. ಸದಸ್ಯರು ಜೋಡಿಯಾಗಿ ಬಡವರ ಮನೆಗೆ ಹೋಗಬೇಕು. ಬಡವರನ್ನು ತಮ್ಮಲ್ಲಿಗೆ ಕರೆಸಿಕೊಳ್ಳಬಾರದು. ಸಭೆಯ ಕೊನೆಯಲ್ಲಿ ಒಂದು ಚೀಲ ಸುತ್ತಿ ಬರುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದು. ಫಲಾನುಭವಿಯನ್ನು ಕಚೇರಿಗೆ ಕರೆಸಿ, ಸಾಲಿನಲ್ಲಿ ನಿಲ್ಲಿಸಿ, ಚೆಕ್ ಕೊಡುವಾಗ ಫೋಟೊ ತೆಗೆಸುವ ಪದ್ಧತಿಯಲ್ಲಿ ಮೂರು ದಶಕ ಕಳೆದ ನನ್ನಂಥವನಿಗೆ ಈ ಎರಡು ನಿಯಮಗಳು ಸರ್ಕಾರಿ ಸುತ್ತೋಲೆಗಳಿಗಿಂತ ಹೆಚ್ಚು ಕಲಿಸಿವೆ. ಮೊತ್ತ ಸಣ್ಣದು ನಿಜ: ಒಂದು ಮೂಟೆ ಅಕ್ಕಿ, ಔಷಧಿಯ ಚೀಟಿ, ಶಾಲೆಯ ಶುಲ್ಕ. ಅದು ಪಿಂಚಣಿಗೆ ಬದಲಿಯಾಗದು, ಆಗಬೇಕೆಂದು ನಿರೀಕ್ಷಿಸುವುದೂ ತಪ್ಪು.

ಮುಂದೆ ಬರುವ ತಿಂಗಳುಗಳ ಪ್ರಕಟಣೆಗಳಂತೂ ದೀರ್ಘವಾಗುತ್ತವೆ. ಆಗಸ್ಟ್ 15ರಂದು ಸ್ವಾತಂತ್ರ್ಯೋತ್ಸವ, ಮರಿಯಳ ಸ್ವರ್ಗಾರೋಹಣ ಎರಡೂ ಒಂದೇ ದಿನ. ಆಗಸ್ಟ್ 29ಕ್ಕೆ ವೇಲಾಂಗಣ್ಣಿಯಲ್ಲಿ ಧ್ವಜವೇರಿದರೆ ಸೆಪ್ಟೆಂಬರ್ 8ರ ಮರಿಯಳ ಜನ್ಮೋತ್ಸವದವರೆಗೆ ಗಣಿ ಪ್ರದೇಶದ ಕ್ಯಾಥೋಲಿಕರ ಮನಸ್ಸೆಲ್ಲ ಅಲ್ಲಿಯೇ. ಕೆಲವರು ವೇಲಾಂಗಣ್ಣಿಗೆ ಹೊರಡುತ್ತಾರೆ, ಕೆಲವರು ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಕ್ಕೆ. ಊರಿನಲ್ಲಿಯೇ ಇರುವವರಿಗೆ ನವೇನ, ದೀಪಾಲಂಕಾರ, ತೇರು. ಸೆಪ್ಟೆಂಬರ್ 29 ಸಂತ ಮೈಕೇಲರ ದಿನ. ಅಕ್ಟೋಬರ್ ಪೂರ್ತಿ ಮನೆಮನೆಯಲ್ಲಿ ಜಪಸರ. 7ನೆಯ ತಾರೀಕಿನ ಜಪಸರ ಮಾತೆಯ ಹಬ್ಬ 1571ರ ಲೆಪಾಂಟೊ ನೌಕಾಯುದ್ಧದ ನೆನಪಿಗಾಗಿ 'ವಿಜಯ ಮಾತೆ'ಯ ಹೆಸರಿನಲ್ಲಿ ಆರಂಭವಾದದ್ದು. ಮೆಡಿಟರೇನಿಯನ್ ಸಮುದ್ರದ ಆ ವಿಜಯದ ಹೆಸರು ಕೋಲಾರದ ಗಣಿಯ ಬಾಯಿಗೆ ಬಂದು ನಿಂತದ್ದು ಇತಿಹಾಸದ ವಿನೋದಗಳಲ್ಲಿ ಒಂದು.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಸುಗ್ಗಿ ಹಬ್ಬದ ಹರಾಜಿನ ಸಂಭ್ರಮ ಬೇರೆ. ಕೋಲಾರ ಸೀಮೆಯಲ್ಲಿ ಆ ಪಂಥಕ್ಕೆ ಒಕ್ಕಲುತನದ ಬೇರು ಇದೆ: 1876-78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟಿ 1890ರಲ್ಲಿ ತಮ್ಮ ಸಂಸ್ಥೆಯನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು; 1910ರಲ್ಲಿ ಸ್ಥಾಪನೆಯಾದ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಆ ಮಿಷನ್ನಿನದೇ. ಹರಾಜಿನಲ್ಲಿ ಕುಂಬಳಕಾಯಿಯೊಂದು ಸಂತೆಯ ಬೆಲೆಯ ಹತ್ತು ಪಟ್ಟಿಗೆ ಹೋಗುವುದನ್ನು, ಕೊಂಡವನು ಅದನ್ನು ಅಲ್ಲಿಯೇ ಬಿಟ್ಟು ಮತ್ತೊಮ್ಮೆ ಕೂಗಿಸುವುದನ್ನು ಬೇಡಿಕೆ-ಪೂರೈಕೆಯ ರೇಖೆಗಳಿಂದ ವಿವರಿಸಲು ಯುವ ಉಪನ್ಯಾಸಕರು ಪ್ರಯತ್ನಿಸಬಹುದು.

ಭಾಷೆಯ ಪ್ರಶ್ನೆಯನ್ನು ಬದಿಗಿಟ್ಟು ಈ ವಿಷಯ ಬರೆಯಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ಪೂಜೆ ಲ್ಯಾಟಿನ್‌ನಿಂದ ಜನರ ನುಡಿಗೆ ಬಂದಾಗ ಇಲ್ಲಿ ಬಹುಮಟ್ಟಿಗೆ ತಮಿಳಿಗೆ ಬಂತು. ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಈ ಕುರಿತು ನಡೆದ ಕಹಿ ವಿವಾದಗಳು ಎಲ್ಲರಿಗೂ ತಿಳಿದವೇ. ಅಜ್ಜಿಯ ಪ್ರಾರ್ಥನೆಯ ಭಾಷೆಯನ್ನು ಬದಲಿಸಹೊರಡುವುದು ಅನುಚಿತ. ಆದರೆ ಪ್ರಕಟಣೆ ಪ್ರಾರ್ಥನೆಯಲ್ಲ, ಅದು ಮಾಹಿತಿ. ಶಾಲೆಯಲ್ಲಿ ಕನ್ನಡ ಕಲಿಯುವ ಮೊಮ್ಮಕ್ಕಳು ತಮಿಳನ್ನು ಆಡಬಲ್ಲರು, ಓದಲಾರರು. ಬಂಗಾರಪೇಟೆ, ಬೂದಿಕೋಟೆ ಕಡೆಯ ಹಳ್ಳಿಗಳ ಭಕ್ತರೂ ಬರುತ್ತಾರೆ. ಗೋಡೆಯ ಹಲಗೆಯ ಮೇಲಾದರೂ ಕನ್ನಡದಲ್ಲಿ ಬರೆದು ಹಾಕಿದರೆ ಯಾರಿಗೂ ನಷ್ಟವಿಲ್ಲ.

ಇಷ್ಟೆಲ್ಲ ಓದಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ನನಗೆ ನಿಜವಾಗಿ ಆತಂಕವಿರುವುದು ಆ ಬರವಣಿಗೆಯ ಬಗ್ಗೆ. ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕ ಇಡಬೇಕೆಂಬುದು ಚರ್ಚಿನ ಕಾನೂನು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಮದುವೆಗಳ ವಿವರ ಮೂರು ತಿಂಗಳಿಗೊಮ್ಮೆ ಸರ್ಕಾರದ ರಿಜಿಸ್ಟ್ರಾರರಿಗೂ ಹೋಗಬೇಕು. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚಿನವರಲ್ಲಿ ಎಷ್ಟೋ ಜನರಿಗೆ ತಾವು ಹುಟ್ಟಿದ್ದಕ್ಕೆ ಸಾಕ್ಷಿ ಚರ್ಚಿನ ಪುಸ್ತಕದ ಒಂದು ಸಾಲು ಮಾತ್ರ. ಕಂದಾಯ ಇಲಾಖೆಯ ಮೇಜಿನ ಈಚೆ ಕುಳಿತವರಿಗೆಲ್ಲ ಗೊತ್ತು: ವಂಶವೃಕ್ಷಕ್ಕೆ, ವಿಧವೆಯ ಪಿಂಚಣಿಗೆ, ಗಣಿಯ ಮನೆಯ ಹಕ್ಕಿಗೆ ಅರ್ಜಿ ಹಿಡಿದು ಬಂದ ಮುದುಕಿ ಕೊನೆಗೆ ಬಿಚ್ಚುವುದು ಗುರುಮನೆಯಿಂದ ತಂದ, ಮಡಿಚಿ ಮಡಿಚಿ ಹರಿದ ಒಂದು ಕಾಗದವನ್ನು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯವಾಗುವ ಮೊದಲು ಇದೆಲ್ಲ ಮೈಸೂರಿನ ಧರ್ಮಾಧ್ಯಕ್ಷರ ಆಡಳಿತದಲ್ಲಿ, ಫ್ರೆಂಚ್ ಮಿಷನರಿಗಳ ಕೈಬರಹದಲ್ಲಿ ಇದ್ದ ಕಾಲ. ಅದಿರು ತೆಗೆದವರ ಊರು, ಕಸುಬು, ಸತ್ತ ವಯಸ್ಸುಗಳನ್ನು ತಿಳಿಯಲು ಬಯಸುವ ಇತಿಹಾಸಕಾರರಿಗೆ ಕಂಪನಿಯ ವರದಿಗಳಿಗಿಂತ ಇವು ಹೆಚ್ಚು ಹೇಳಬಲ್ಲವು. ಕಂಪನಿಯ ಲೆಕ್ಕದಲ್ಲಿ ಸುಮಾರು 800 ಟನ್ ಚಿನ್ನವಿದೆ. ಮರಣದ ಪುಸ್ತಕದಲ್ಲಿ ಹೆಸರುಗಳಿವೆ.

ಗೆದ್ದಲು, ಮಳೆ, ಕಾಲಗಳಿಂದ ಈ ಪುಸ್ತಕಗಳನ್ನು ಕಾಪಾಡಲು ಚಿತ್ರ ತೆಗೆದಿಡುವುದು ಅಗತ್ಯ. ರಾಜ್ಯ ಪತ್ರಾಗಾರ ಇಲಾಖೆಯ ತಾಂತ್ರಿಕ ನೆರವನ್ನು ಎಲ್ಲ ಪಂಥಗಳ ಚರ್ಚುಗಳಿಗೂ ಒದಗಿಸುವುದು ದೊಡ್ಡ ವೆಚ್ಚದ ಮಾತಲ್ಲ. ಆದರೆ ಹಾಗೆ ತೆಗೆದದ್ದನ್ನು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿಡಬೇಕೆಂಬ ಉತ್ಸಾಹಿಗಳ ಸಲಹೆಯನ್ನು ನಾನು ಒಪ್ಪಲಾರೆ. ಕಾರಣ ಸ್ಪಷ್ಟವಾಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ, ಸಿಖ್, ಬೌದ್ಧ ದಲಿತರಿಗೆ ಮಾತ್ರ ಅನ್ವಯಿಸುತ್ತದೆ. ಕ್ರೈಸ್ತರಾದ ದಲಿತರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅರ್ಜಿದಾರಳ ಜ್ಞಾನಸ್ನಾನದ ದಾಖಲೆಯನ್ನೂ ಆಕೆಯ ತಂದೆತಾಯಿಯ ವಿವಾಹ ನೋಂದಣಿಯನ್ನೂ ಗಮನಿಸಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಬೇಡಿಕೆಯನ್ನು ತಿರಸ್ಕರಿಸಿತು. ಕಾನೂನು ಇರುವುದು ಹಾಗೆ. ಆದರೆ ಒಂದೇ ಮನೆಯಲ್ಲಿ ಅಣ್ಣ ಮಾರಿಯಮ್ಮನ ಗುಡಿಗೂ ತಮ್ಮ ಮಾತೆಯ ಗುಡಿಗೂ ಹೋಗುವ ಗಣಿಯ ಕಾಲೊನಿಗಳಲ್ಲಿ, ಅಜ್ಜನ ಕಾಲದ ಒಂದು ಸಾಲು ಯಾರ ಕೈಯಲ್ಲಾದರೂ ಮೊಮ್ಮಗನ ವಿರುದ್ಧ ಅಸ್ತ್ರವಾಗಬಹುದು. ಮೂಲ ಪುಸ್ತಕ ಗುರುಮನೆಯಲ್ಲಿಯೇ ಇರಲಿ. ಪ್ರತಿ ಮುದ್ರೆಯೊತ್ತಿ ಪತ್ರಾಗಾರದಲ್ಲಿರಲಿ. ಸಂಬಂಧಪಟ್ಟವರು ಕೇಳಿದರೆ ಅವರ ಸಾಲನ್ನಷ್ಟೇ ಕೊಡಲಿ. ಸಂಶೋಧಕರಿಗೆ ನೂರು ವರ್ಷ ಕಳೆದ ಪುಟಗಳು ಸಾಕು.

ನವೆಂಬರ್ 2 ಮೃತರ ಸ್ಮರಣೆಯ ದಿನ. ಅದಕ್ಕೆ ಒಂದು ವಾರ ಮುಂಚೆಯೇ ಗೋರಿಗಳ ಸುತ್ತಲಿನ ಕಳೆ ಕೀಳಲು ಬನ್ನಿರೆಂದು ಪ್ರಕಟಣೆಯಾಗುತ್ತದೆ; ಬೆಂಗಳೂರಿನಲ್ಲಿ ನೆಲೆಸಿದವರೂ ಅಂದು ಸುಣ್ಣದ ಡಬ್ಬಿ, ಹೂವು, ಮೇಣದಬತ್ತಿ ಹಿಡಿದು ರೈಲಿಳಿಯುತ್ತಾರೆ. ಮರದ ಶಿಲುಬೆಗಳು ಕೊಳೆತು ಗುರುತು ಸಿಗದ ಗೋರಿಗಳು ಎಷ್ಟೋ ಇವೆ. ತಾತನ ಗೋರಿ ಯಾವ ಸಾಲಿನಲ್ಲಿದೆಯೆಂದು ಹುಡುಕುವವರು ಕಡೆಗೆ ಬಂದು ಕೇಳುವುದು ಮರಣದ ಪುಸ್ತಕವನ್ನೇ. ಪತ್ರಾಗಾರದವರು ಕ್ಯಾಮೆರಾ ತರುವುದಾದರೆ ಆ ವಾರಕ್ಕೆ ಮೊದಲು ತರಲಿ.