ಕೆಸರಿನಲ್ಲಿ ಮಣಿದ ನ್ಯೂಕ್ಯಾಸಲ್

ಪ್ರಶ್ನೆ: ನಾಕೌಟ್ ಫುಟ್‌ಬಾಲ್‌ನಲ್ಲಿ ಸಣ್ಣ ತಂಡಗಳು ದೈತ್ಯರನ್ನು ಮಣಿಸುವುದು ಹೇಗೆ?

ಉತ್ತರ: ಲೀಗ್‌ನಲ್ಲಿ ಇಡೀ ಋತುವಿನ ಆಟ ಲೆಕ್ಕಕ್ಕೆ ಬರುತ್ತದೆ, ನಾಕೌಟ್‌ನಲ್ಲಿ ಆ ದಿನದ್ದು ಮಾತ್ರ. ಗೋಲುಗಳೂ ವಿರಳವಾದ್ದರಿಂದ ಒಂದೇ ಹೊಡೆತ ಪಂದ್ಯದ ದಿಕ್ಕು ತಿರುಗಿಸಬಲ್ಲದು.

1972ರ ಫೆಬ್ರುವರಿ 5ರಂದು ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ನಡೆದದ್ದು ಅದೇ. ಕೆಳ ಹಂತದ ಸದರ್ನ್ ಲೀಗ್‌ನ ಹೆರೆಫರ್ಡ್ ಯುನೈಟೆಡ್, ಅಗ್ರ ದರ್ಜೆಯ ನ್ಯೂಕ್ಯಾಸಲ್ ಜೊತೆ ಅವರ ಅಂಗಳದಲ್ಲೇ 2-2 ಡ್ರಾ ಮಾಡಿಕೊಂಡು ಮರುಪಂದ್ಯವನ್ನು ತನ್ನೂರಿಗೆ ಎಳೆದು ತಂದಿತ್ತು. ಎಡ್ಗರ್ ಸ್ಟ್ರೀಟ್ ಮೈದಾನವೋ ಕೆಸರುಗದ್ದೆ. ಅಲ್ಲಿ ನಾಜೂಕಿನ ಪಾಸ್‌ಗಳಿಗೆ ಬೆಲೆಯಿರಲಿಲ್ಲ, ಗಟ್ಟಿ ಕಾಲುಗಳಿಗೆ ಇತ್ತು. ಆದರೂ 82ನೇ ನಿಮಿಷದಲ್ಲಿ ನ್ಯೂಕ್ಯಾಸಲ್‌ನ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ತಲೆಯಿಂದ ಗೋಲು ಹೊಡೆದಾಗ ಎಲ್ಲ ಮುಗಿದಂತಿತ್ತು.

ಆಗ ಮರಗೆಲಸ ಮಾಡುತ್ತಿದ್ದ ಹೆರೆಫರ್ಡ್ ಆಟಗಾರ ರಾನಿ ರಾಡ್‌ಫರ್ಡ್ ಮುನ್ನುಗ್ಗಿದರು. ಕೆಸರಲ್ಲಿ ಪುಟಿದೆದ್ದ ಚೆಂಡನ್ನು ಸುಮಾರು 30 ಗಜ ದೂರದಿಂದಲೇ ಬಾರಿಸಿದರು; ಅದು ಬಲೆಯ ಮೇಲ್ಮೂಲೆ ಸೇರಿತು. ಅಭಿಮಾನಿಗಳು ಮೈದಾನಕ್ಕೇ ನುಗ್ಗಿದರು. ಹೆಚ್ಚುವರಿ ಸಮಯದಲ್ಲಿ ಬದಲಿ ಆಟಗಾರ ರಿಕಿ ಜಾರ್ಜ್ ಗೆಲುವಿನ ಗೋಲು ತಂದರು.

ಅದೃಷ್ಟವೊಂದೇ ಇದ್ದಿದ್ದರೆ ಮೊದಲ ಪಂದ್ಯದಲ್ಲೇ ಕಥೆ ಮುಗಿಯುತ್ತಿತ್ತು. ಹಿಂದೆ ಬಿದ್ದಾಗಲೂ ಕುಗ್ಗದ ಛಲವೇ ಇಲ್ಲಿ ದೊಡ್ಡದು. ಮುಂದಿನ ಸುತ್ತಿನಲ್ಲಿ ವೆಸ್ಟ್ ಹ್ಯಾಮ್ ಎದುರು ಸೋತರೂ, ಅದೇ ವರ್ಷ ಹೆರೆಫರ್ಡ್‌ಗೆ ಫುಟ್‌ಬಾಲ್ ಲೀಗ್‌ನಲ್ಲಿ ಸ್ಥಾನ ಸಿಕ್ಕಿತು.